ಶಾಲುಬಾಯಿಯ ಹತ್ತಿರ ಕೂತವಳು

ಬಾವಿ ಖಾಲಿ ಮಾಡಲಿಕ್ಕೆ ಊರ ಹೊರಗಿನ ಮಹಾರರ ಕೇರಿ, ಮಹಾರವಾಡೆಯ ಪ್ರತಿ ಮನೆಯಿಂದಲೂ ಎಲ್ಲರೂ ಬರಬೇಕು ಎಂದು ತಳವಾರ ಡಂಗುರ ಸಾರಿದ. ಗಂಡಸರು, ಹೆಂಗಸರು, ಮುದುಕರು. ಬಸುರಿಯರನ್ನೂ ಬಿಟ್ಟಿರಲಿಲ್ಲ. ಕೊಡ ತಮ್ಮದೇ ತರಬೇಕು. ಕೂಲಿ ಇಲ್ಲ. ಸೇದಿದ ನೀರನ್ನು ಕುಡಿಯಬಾರದು.

ಕರಂಜವಾಡಿ ಔರಾದ ಸೀಮೆಯ ಒಂದು ಸಣ್ಣ ಊರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಸೇರಿದ ದಿನ ಸಾಲೆಯಲ್ಲಿ ಪೇಢೆ ಹಂಚಿದ್ದರು. ಕೇರಿಯ ಮಕ್ಕಳ ಕೈಗೆ ದೂರದಿಂದ ಎಸೆದಿದ್ದರು. ರಾಜ್ಯ ಬದಲಾಯಿತೆಂದು ಕೇರಿಗೆ ಗೊತ್ತಾದದ್ದು ಅಷ್ಟೇ. ಊರ ಮೆಟ್ಟಿಲಬಾವಿ ಊರವರದಾಗಿಯೇ ಇತ್ತು. ಕೇರಿಯವರು ಹಳ್ಳದ ಮರಳು ತೋಡಿ, ಒರತೆಯ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬಿಕೊಳ್ಳುತ್ತಿದ್ದರು.

ಆ ಮೆಟ್ಟಿಲಬಾವಿಗೆ ಹಿಂದಿನ ದಿನ ಶಾಲುಬಾಯಿ ಬಿದ್ದಿದ್ದಳು. ಕಾಲು ಜಾರಿ ಅಲ್ಲ. ಸಾಯಬೇಕೆಂದು.

ಶಾಲುಬಾಯಿ ಪಂಢರಿಯ ಹೆಂಡತಿ. ಇನ್ನೂ ಚಿಕ್ಕ ವಯಸ್ಸು. ದತ್ತಾತ್ರಿ ಪಾಟೀಲನ ಮನೆಯ ಕೊಟ್ಟಿಗೆ ತೆಗೆಯುವುದು, ಅಂಗಳ ಬಳಿಯುವುದು ಅವಳ ಕೆಲಸ. ಬಾಯಿ ಜೋರು, ನಗುವೂ ಜೋರು. ದೀಪಾವಳಿಯ ಹೊತ್ತಿಗೆ ಪಾಟೀಲನ ಮನೆಯ ಒಂದು ಬೆಳ್ಳಿ ಲೋಟ ಕಾಣೆಯಾಯಿತು. ಹೊಸ್ತಿಲು ದಾಟಲಿಕ್ಕೇ ಅಪ್ಪಣೆ ಇಲ್ಲದವಳು ಒಳಗಿನ ಲೋಟವನ್ನು ಹೇಗೆ ತೆಗೆದಳೆಂದು ಯಾರೂ ಕೇಳಲಿಲ್ಲ. ಪಾಟೀಲ ಅವಳನ್ನು ಚಾವಡಿಯ ಕಂಬಕ್ಕೆ ಕಟ್ಟಿಸಿದ. ಗಂಡಸರ ಎದುರಿಗೆ ಸೀರೆ ಬಿಚ್ಚಿಸಿ ಹುಡುಕಿಸಿದ. ಊರೆಲ್ಲ ನೋಡಿತು. ಪಂಢರಿಯನ್ನೂ ಎಳೆತಂದು ಮುಂದೆ ನಿಲ್ಲಿಸಿದ್ದರು. ಅವನು ನೆಲ ನೋಡುತ್ತ ನಿಂತ.

ಲೋಟ ಆಮೇಲೆ ಜೋಳದ ಕಣಜದಲ್ಲಿ ಸಿಕ್ಕಿತು. ಪಾಟೀಲನ ಹೆಂಡತಿ ಆಳಿನ ಕೈಲಿ ಹೇಳಿ ಕಳಿಸಿದಳು. "ಲೋಟಾ ಸಿಕ್ಕದ. ಕೆಲಸಕ್ಕ ಬಾ ಅನ್ನು ಅಕಿಗೆ."

ಶಾಲುಬಾಯಿ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡಬೇಕು? ಅದೇ ಚಾವಡಿಯ ಮುಂದೆ ಹಾದು ಹೋಗಬೇಕು. ಕಟ್ಟೆಯ ಮೇಲೆ ಕೂತವರು ಅವಳನ್ನು ನೋಡಿ ಒಬ್ಬರ ತೊಡೆಗೆ ಒಬ್ಬರು ತಟ್ಟಿ ನಗುತ್ತಿದ್ದರು. ಪಂಢರಿ ಲಾತೂರಿನ ಕಡೆ ಕೂಲಿಗೆ ಹೋಗುತ್ತೇನೆಂದು ಹೊರಟ. ಹೋಗುವಾಗ ಹೇಳಿದ, "ನಿನ್ನ ಮಾರಿ ನೋಡಿದ್ರ ನನಗ ಆ ಕಂಬ ಕಾಣ್ತದ." ತಿರುಗಿ ಬರಲಿಲ್ಲ.

ಶಾಲುಬಾಯಿಯ ಮಾತು ನಿಂತಿತು. ಸಾಕಿದ ಕೋಳಿಗಳನ್ನು ಬಾಜು ಮನೆಗೆ ಕೊಟ್ಟಳು. ಒಲೆ ಹೊತ್ತಿಸುವುದನ್ನು ಬಿಟ್ಟಳು. ಪಾಟೀಲನ ಮನೆಯವರು, ಸೊಕ್ಕು ಇಳಿಯಿತು ಎಂದರು. ಕೇರಿಯವರು, ಗಂಡನ ಚಿಂತೆ ಎಂದರು.

ಅವಳನ್ನು ನೀರಿನಿಂದ ಎತ್ತಿದವನು ಕಾಶೀರಾಮ. ಬಾಜು ಮನೆಯ ಕೌಸಲ್ಯಾಬಾಯಿಯ ಮಗ. ಹುಲ್ಲಿನ ಹೊರೆ ಬಿಸಾಕಿ ಜಿಗಿದಿದ್ದ. ಮೇಲೆ ತಂದು ಮಲಗಿಸಿ, ಅವಳು ಕೆಮ್ಮಿ ಉಸಿರಾಡಿದ ಮೇಲೆ, ಪಾಟೀಲನ ಆಳುಗಳು ಅವನ ಮೇಲೆ ಬಿದ್ದರು. ಬಲಗೈ ಮುರಿಯಿತು. ಬಾವಿಗೆ ಇಳಿದದ್ದಕ್ಕೆ ಆ ಏಟು. ಅವನು ಒಂದು ಜೀವ ಉಳಿಸಿದ್ದ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಬಾವಿ ಮೈಲಿಗೆಯಾಯಿತು ಎಂದು ಪಂಚರು ಕೂತರು. ಮೈಲಿಗೆ ಮಾಡಿದವರೇ ಒಂದು ಹನಿ ಉಳಿಯದ ಹಾಗೆ ಅದನ್ನು ಬರಿದು ಮಾಡಬೇಕೆಂದು ತೀರ್ಪಾಯಿತು. ಎರಡು ಮೈ ಸೋಕಿದರೆ ಕೆಡುವ ಬಾವಿ, ಇಡೀ ಕೇರಿಯ ಕೈ ಸೋಕಿದರೆ ಶುದ್ಧವಾಗುತ್ತಿತ್ತು.

ಬೆಳಿಗ್ಗೆ ಕೇರಿ ಖಾಲಿಯಾಯಿತು. ಕಾಶೀರಾಮ ಕೂಡ ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ಹೋದ. ಕೌಸಲ್ಯಾಬಾಯಿ ಹೋಗಲಿಲ್ಲ.

ಅವಳು ಶಾಲುಬಾಯಿಯ ಗುಡಿಸಿಲಲ್ಲಿ ಕೂತಿದ್ದಳು. ಶಾಲುಬಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂದಲು ಇನ್ನೂ ಒದ್ದೆಯಾಗಿತ್ತು. ತಳವಾರ ಬಂದು ಕೂಗಿ ಹೋದ. ಮತ್ತೆ ಬಂದು ಬೈದು ಹೋದ. ಕೊನೆಗೆ ಪಾಟೀಲನೇ ಬಂದು ಕೇರಿಯ ಅಂಚಿನ ಬೇವಿನ ಕೆಳಗೆ ನಿಂತ. ಅದರಿಂದ ಒಳಗೆ ಅವನು ಕಾಲಿಡುವುದಿಲ್ಲ. ಕೌಸಲ್ಯಾಬಾಯಿ ಗುಡಿಸಿಲಿನ ಬಾಗಿಲಿಗೆ ಬಂದು ನಿಂತಳು.

"ಏ ಕೌಸಲ್ಯಾ, ಎಲ್ಲಾರೂ ಬಂದಾರ. ನೀ ಯಾಕ ಬಂದಿಲ್ಲ?"

"ಈಕಿ ಹತ್ತಿರ ಯಾರರೆ ಕೂಡಬೇಕ್ರಿ ಮಾಲಕ್ರ."

"ಕೂತು ಏನ್ ಮಾಡ್ತಿ?"

"ಏನೂ ಮಾಡಂಗಿಲ್ರಿ. ಸುಮ್ಮ ಕೂಡ್ತೇನಿ."

"ಸಾಯೋಳು ಹ್ಯಾಂಗಿದ್ರೂ ಸಾಯ್ತಾಳ. ಮೊದಲು ಬಾವಿ."

"ಬಾವಿ ಎಲ್ಲಿ ಹೋಗ್ತದ್ರಿ? ನಾಳಿನೂ ಅಲ್ಲೇ ಇರ್ತದ. ನಾ ಎದ್ದು ಬಂದ್ರ ಈಕಿ ಇರಂಗಿಲ್ಲ."

"ಬಾ ಅಂದ್ರ ಬರಬೇಕು."

ಕೌಸಲ್ಯಾಬಾಯಿಯ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಬಾ ಎಂದಾಗ ಹೋದವರು. ಹೆರಿಗೆಯ ಹಸಿಮೈಯಲ್ಲೂ ಹೋದವರು. ಅವಳು ಬಾಗಿಲಿನ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಳು.

"ನಾ ಬರಂಗಿಲ್ರಿ."

ಆ ಮಾತನ್ನು ಪಾಟೀಲ ಕೇರಿಯಿಂದ ಕೇಳಿದ್ದು ಅದೇ ಮೊದಲು. ಅವನು ಕೂಗಾಡಲಿಲ್ಲ. "ಆತು. ಕೂಡು," ಎಂದು ಹೊರಟುಹೋದ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ಆ ವರ್ಷದ ಮಳೆ ಚೆನ್ನಾಗಿ ಆಗಿತ್ತು. ಬಾವಿ ತುಂಬಿ ನಿಂತಿತ್ತು. ಕೇರಿಯವರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸಿದರು. ಮೇಲಿದ್ದವರು ನೀರನ್ನು ಗಟಾರಕ್ಕೆ ಚೆಲ್ಲಿದರು. ಕೆಳಗೆ ಸೆಲೆ ಮತ್ತೆ ತುಂಬುತ್ತಿತ್ತು. ಅಂಗೈ ಸುಲಿದವು. ನಡು ಕಳಚಿತು. ಮುದುಕಿಯೊಬ್ಬಳು ಬಾಯಾರಿಕೆ ತಾಳದೆ ಕೊಡಕ್ಕೆ ತುಟಿ ಹಚ್ಚಿದಳು. ಆಳು ಅವಳ ಕೈಯ ಕೊಡವನ್ನು ಒದ್ದ. ಸೂರ್ಯ ಇಳಿಯುವ ತನಕ ಸೇದಿ, ಕೆಸರು ಕಂಡ ಮೇಲೆ ಬಿಟ್ಟರು. ಎಲ್ಲರೂ ತಮ್ಮ ಒರತೆಯ ಕಡೆ ನಡೆದರು, ಕುಡಿಯಲಿಕ್ಕೆ.

ಅಂದಿನಿಂದ ಶಾಲುಬಾಯಿಯನ್ನು ಒಂಟಿಯಾಗಿ ಬಿಡಬಾರದೆಂದು ಕೌಸಲ್ಯಾಬಾಯಿ ಕೇರಿಯ ಹೆಂಗಸರಿಗೆ ಹೇಳಿದಳು. "ಯಾರಿಗಿ ಎಷ್ಟು ಹೊತ್ತು ಆಗ್ತದ ಅಷ್ಟು ಹೊತ್ತು ಬರ್ರಿ. ಬುದ್ಧಿ ಹೇಳಬ್ಯಾಡ್ರಿ. ಸುಮ್ಮ ಕೂಡ್ರಿ."

ಬಂದರು. ಒಬ್ಬಳು ತೊಗರಿ ಹಸನು ಮಾಡುತ್ತ ಕೂತಳು. ಒಬ್ಬಳು ಮಗುವಿಗೆ ಹಾಲು ಕುಡಿಸುತ್ತ ಕೂತಳು. ಮೀರಾಬಾಯಿ ಎಂಬ ಮುದುಕಿ ಶಾಲುಬಾಯಿಯ ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಸಿಕ್ಕಾದ ಕೂದಲು ಬಿಡಿಸುತ್ತ, ಯಾವುದೋ ಕಾಲದ ಮದುವೆಯ ಮಾತು ಹೇಳಿದಳು. ಇನ್ನೊಬ್ಬಳು ಬಂದವಳೇ, "ಗಂಡನ ಮರ್ಯಾದಿ ಕಳದಿ, ಕೇರಿ ಮರ್ಯಾದಿ ಕಳದಿ," ಎಂದು ಶುರು ಮಾಡಿದಳು. ಕೌಸಲ್ಯಾಬಾಯಿ ಅವಳ ರಟ್ಟೆ ಹಿಡಿದು ಹೊರಗೆ ಕಳಿಸಿದಳು. "ಮರ್ಯಾದಿ ಕಳದವರು ಚಾವಡ್ಯಾಗ ಕುಂತಾರ. ಅಲ್ಲಿ ಹೋಗಿ ಹೇಳು."

ಶಾಲುಬಾಯಿ ಮಾತಾಡಲಿಲ್ಲ. ಗಂಜಿ ಬಾಯಿಗೆ ಹಿಡಿದರೆ ಕುಡಿಯುತ್ತಿದ್ದಳು. ಹಿಡಿಯದಿದ್ದರೆ ಇಲ್ಲ. ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಲು ಕೌಸಲ್ಯಾಬಾಯಿಗೆ ಧೈರ್ಯ ಬರಲಿಲ್ಲ. ಕೇಳಿದರೆ ಎಲ್ಲಿ ಮತ್ತೆ ನೆನಪಾಗುತ್ತದೋ ಎಂಬ ಹೆದರಿಕೆ.

ಪಾಟೀಲ ಕೇರಿಯ ಕೈ ಕಟ್ಟಿದ. ಸುಗ್ಗಿ ಬಂತು. ಒಬ್ಬರನ್ನೂ ಕೆಲಸಕ್ಕೆ ಕರೆಯಲಿಲ್ಲ. ಪಕ್ಕದ ಊರಿನಿಂದ ಆಳು ತಂದರು. ಕಿರಾಣಿ ಅಂಗಡಿಯವನು ಕೇರಿಗೆ ಉಪ್ಪು ಕೊಡುವುದನ್ನೂ ನಿಲ್ಲಿಸಿದ. ಹಳ್ಳದ ದಾರಿಗೆ ಜಾಲಿಮುಳ್ಳು ಹಾಕಿಸಿದರು. ಹೆಂಗಸರು ಒರತೆಗೆ ಹೋಗಲು ಗುಡ್ಡ ಬಳಸಿ ಹೋಗಬೇಕಾಯಿತು. ಕೌಸಲ್ಯಾ ಒಬ್ಬಳೇ ಬಂದು ಬಾವಿಯ ನೀರು ಸೇದಬೇಕು, ಅಲ್ಲಿತನಕ ಹೀಗೇ, ಎಂದು ತಳವಾರ ಹೇಳಿದ.

ಶಾಲುಬಾಯಿಯ ಗುಡಿಸಿಲಿಗೆ ಬರುವವರು ಕಡಿಮೆಯಾದರು. ಯಾರೂ ಜಗಳವಾಡಲಿಲ್ಲ. ಹೊಟ್ಟೆ ಹಸಿದವರು ಎಷ್ಟು ದಿನ ಕೂತಾರು? ಮೀರಾಬಾಯಿ ಮಾತ್ರ ಬರುತ್ತಿದ್ದಳು. ಆಮೇಲೆ ಅವಳಿಗೂ ಜ್ವರ ಹಿಡಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ದಿನ ಠಾಣೆಯ ಜಮಾದಾರ ಬಂದ. ಪಾಟೀಲ ಫಿರ್ಯಾದಿ ಕೊಟ್ಟಿದ್ದ.

"ಸಾಯಲಾಕ ಹೋಗೋದು ಗುನಾ ಅದ," ಎಂದ ಜಮಾದಾರ. "ಕಾಯದೆ ಅದ. ಈಕಿನ್ನ ಕೋರ್ಟಿಗಿ ಒಯ್ಯಬೇಕು."

ಕೌಸಲ್ಯಾಬಾಯಿಗೆ ಅರ್ಥವಾಗಲಿಲ್ಲ. "ಅಕಿ ಯಾರಿಗಿ ಏನು ಮಾಡ್ಯಾಳ್ರಿ?"

"ತನಗೇ ಮಾಡಿಕೊಂಡಾಳಲ್ಲ."

"ಅಕಿನ್ನ ಕಂಬಕ್ಕ ಕಟ್ಟಿ ಸೀರಿ ಬಿಚ್ಚಿದ್ರಲ್ರಿ, ಅದಕ್ಕ ಕಾಯದೆ ಇಲ್ಲೇನ್ರಿ?"

"ಅದರ ಫಿರ್ಯಾದಿ ಎಲ್ಲಿ ಅದ?"

"ನಾ ಕೊಡ್ತೇನ್ರಿ."

"ನೋಡಿದವರು ಯಾರು? ಸಾಕ್ಷಿ ಹೇಳವರು ಯಾರು?"

ಅವಳು ತಿರುಗಿ ನೋಡಿದಳು. ಕೇರಿಯವರು ಗುಡಿಸಿಲುಗಳ ಮುಂದೆ ನಿಂತಿದ್ದರು. ಬೇವಿನ ಕೆಳಗೆ ಊರವರು ನಿಂತಿದ್ದರು. ಚಾವಡಿಯ ಮುಂದೆ ಅಂದು ಅವರೆಲ್ಲ ಇದ್ದರು. ಒಬ್ಬರೂ ಬಾಯಿ ತೆರೆಯಲಿಲ್ಲ. ಕಾಶೀರಾಮ ಮುಂದೆ ಬಂದ. "ನಾ ಹೇಳ್ತೇನ್ರಿ." ಜಮಾದಾರ ಅವನ ಕಟ್ಟಿದ ಕೈ ನೋಡಿದ. "ನೀ ಬಾವಿ ಮೈಲಿಗಿ ಮಾಡಿದಂವ. ನಿನ್ನ ಮಾತು ಯಾರು ನಂಬ್ತಾರ?"

ಶಾಲುಬಾಯಿಯ ಕೈಗೆ ಹಗ್ಗ ಕಟ್ಟಿದರು. ಇನ್ನೊಂದು ತುದಿ ಜಮಾದಾರನ ಜೊತೆ ಬಂದ ಪೊಲೀಸನ ಕೈಯಲ್ಲಿ. ದನದ ಹಾಗೆ ಊರ ನಡುವೆ ನಡೆಸಿಕೊಂಡು ಹೊರಟರು. ಕೌಸಲ್ಯಾಬಾಯಿ ಜೊತೆಗೆ ನಡೆದಳು. ಪೊಲೀಸ ಹಿಂದೆ ಹೋಗು ಎಂದ. ಅವಳು ಹೋಗಲಿಲ್ಲ. ಚಾವಡಿ ಬಂದಾಗ ಕಟ್ಟೆಗೂ ಶಾಲುಬಾಯಿಗೂ ನಡುವೆ ತಾನು ಬಂದು, ಸೆರಗು ಅಗಲ ಮಾಡಿ ಹಿಡಿದು ನಡೆದಳು. ಅವಳ ಕೈಲಾದದ್ದು ಅಷ್ಟೇ.

ಕಮಲನಗರದವರೆಗೆ ಕಾಲುದಾರಿ. ಅಲ್ಲಿಂದ ರೈಲು ಗಾಡಿ. ಡಬ್ಬಿಯಲ್ಲಿ ಜನ ಹಗ್ಗ ನೋಡಿ ದೂರ ಸರಿದರು. "ಏನು ಕದ್ದಾಳ?" ಎಂದು ಒಬ್ಬ ಕೇಳಿದ. "ಏನೂ ಕದ್ದಿಲ್ಲ," ಎಂದಳು ಕೌಸಲ್ಯಾಬಾಯಿ. ಮತ್ತೆ ಜೋರಾಗಿ, ಡಬ್ಬಿಗೆಲ್ಲ ಕೇಳುವ ಹಾಗೆ ಹೇಳಿದಳು, "ಅಕಿ ಏನೂ ಕದ್ದಿಲ್ಲ." ಶಾಲುಬಾಯಿ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಭಾಲ್ಕಿಯಲ್ಲಿ ಕಬ್ಬಿನ ಹೊರೆ ಹೊತ್ತ ಜನ ಹತ್ತಿ ಇಳಿದರು. ಯಾರೂ ಅವರ ಕಡೆ ನೋಡಲಿಲ್ಲ.

ಬೀದರಿನ ಕೋರ್ಟಿನ ಸಾಹೇಬರು ಹೊಸಬರು. ಮೈಸೂರು ಸೀಮೆಯಿಂದ ವರ್ಗವಾಗಿ ಬಂದವರು. ಜಮಾದಾರನ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಕೋರ್ಟಿನ ಗುಮಾಸ್ತ, ಪೇಶಕಾರ ಶರಫೋದ್ದೀನ ಓದಿ ಹೇಳಬೇಕು. ನಿಜಾಮನ ಕಾಲದಿಂದ ಆ ಮೇಜಿನ ಮುಂದೆ ಕೂತವನು. ಈಗ ಕನ್ನಡದ ಓದುಬರಹ ಕಲಿಯದಿದ್ದರೆ ನೌಕರಿ ಉಳಿಯುವುದಿಲ್ಲ ಎಂದು ಅವನಿಗೂ ಹೇಳಿದ್ದರು. ತಡವರಿಸಿ, ಬೆವರುತ್ತ ಓದಿದ. ಕಾಗದದಲ್ಲಿ ಕಂಬ ಇರಲಿಲ್ಲ. ಬೆಳ್ಳಿ ಲೋಟ ಇರಲಿಲ್ಲ. ಗಂಡ ಬಿಟ್ಟು ಹೋದ ಬೇಸರದಿಂದ, ಎಂದಷ್ಟೇ ಇತ್ತು.

ಸಾಹೇಬರು ಕೆಟ್ಟವರಲ್ಲ. ಮೆಲ್ಲಗೆ ಕೇಳಿದರು. "ಯಾಕಮ್ಮಾ ಹೀಗೆ ಮಾಡಿಕೊಂಡೆ? ಹೇಳು, ಹೆದರಬೇಡ."

ಶಾಲುಬಾಯಿ ಹೇಳಲಿಲ್ಲ. ಕೋರ್ಟಿನ ತುಂಬ ಗಂಡಸರು. ಮತ್ತೆ ಸೀರೆಯ ಮಾತು ಅವಳೇ ಹೇಳಬೇಕು, ಅವರೆಲ್ಲ ಕೇಳಬೇಕು.

"ನಾ ಹೇಳ್ತೇನ್ರಿ ಸಾಹೇಬ್ರ," ಎಂದು ಕೌಸಲ್ಯಾಬಾಯಿ ಬಾಗಿಲಿನಿಂದ ಕೂಗಿದಳು. ಜವಾನ ಸುಮ್ಮನಿರು ಎಂದು ಗದರಿಸಿ ಅವಳನ್ನು ಹಿಂದಕ್ಕೆ ದಬ್ಬಿದ.

ಕಾಗದವೆಲ್ಲ ಕನ್ನಡಕ್ಕಾಗಲಿ, ಆಮೇಲೆ ನೋಡೋಣ ಎಂದು ಸಾಹೇಬರು ಮುಂದಿನ ತಾರೀಖು ಕೊಟ್ಟರು. ಅಲ್ಲಿತನಕ ಜಾಮೀನಿನ ಮೇಲೆ ಬಿಡಬಹುದು ಎಂದರು. ಇವಳನ್ನು ಜೋಪಾನ ಮಾಡುತ್ತೇನೆ, ಕರೆದಾಗ ಹಾಜರು ಮಾಡುತ್ತೇನೆ ಎಂದು ಯಾರಾದರೂ ಒಪ್ಪಿ ಬರೆದುಕೊಡಬೇಕು.

ಶರಫೋದ್ದೀನ ಹೊರಗೆ ಬಂದು ಕೌಸಲ್ಯಾಬಾಯಿಗೆ ಅದನ್ನು ತಿಳಿಸಿ ಹೇಳಿದ. ಅವಳ ಮುಖದಲ್ಲಿ ಮೊದಲ ಸಲ ಜೀವ ಬಂತು. "ಹೆಬ್ಬಟ್ಟು ಎಲ್ಲಿ ಒತ್ತಬೇಕ್ರಿ? ನಾ ಒತ್ತತೇನಿ. ನಾ ನೋಡಿಕೊತೇನಿ ಅಕಿನ್ನ."

"ನಿನ್ನ ಹೆಸರಿಲೆ ಜಮೀನು ಏನರೆ ಅದ ಏನಮ್ಮಾ?"

"ಇಲ್ರಿ."

"ಮನಿ?"

"ಗುಡಿಸಲು ಅದರಿ. ಜಾಗಾ ಗಾಂವಠಾಣದ್ದು, ಸರಕಾರದ್ದು."

ಅವನು ತಲೆ ಅಲ್ಲಾಡಿಸಿದ. "ಹಂಗಂದ್ರ ನಡೆಯಂಗಿಲ್ಲ ಮಾ. ಜಮೀನು ಇದ್ದವರೇ ಬೇಕು."

"ಇಷ್ಟು ದಿನ ಅಕಿನ್ನ ಜೀವಂತ ಇಟ್ಟಾಕಿ ನಾನ್ರಿ. ಜಮೀನು ಇದ್ದವರು ಯಾರು ಬಂದ್ರು?"

ಶರಫೋದ್ದೀನನ ಹಿಂದಿನಿಂದ ದತ್ತಾತ್ರಿ ಪಾಟೀಲ ಮೆಟ್ಟಿಲು ಹತ್ತಿ ಬಂದ. ಬಿಳಿ ಧೋತರ, ಇಸ್ತ್ರಿ ಮಾಡಿದ ಕೋಟು. ನೇರವಾಗಿ ಒಳಗೆ ಹೋಗಿ ಕೈಮುಗಿದು ನಿಂತ.

"ನಮ್ಮ ಊರ ಹೆಣ್ಣುಮಗಳ್ರಿ ಸಾಹೇಬ್ರ. ನಮ್ಮ ಮನಿ ಆಳು. ನಾ ಜಾಮೀನು ಆಗ್ತೇನಿ. ನನ್ನ ಹಂತ್ಯಾಕ ಇರಲಿ, ನಾ ನೋಡಿಕೊತೇನಿ."

ಸಾಹೇಬರಿಗೆ ಸಂತೋಷವಾಯಿತು. ಊರಿನ ಹಿರಿಯರೆಂದರೆ ಹೀಗಿರಬೇಕು ಎಂದರು. ಕಾಗದ ತರಿಸಿದರು. ಪಾಟೀಲ ಪೆನ್ನು ತೆಗೆದ.

ಕೌಸಲ್ಯಾಬಾಯಿಗೆ ಕೂಗಬೇಕೆನಿಸಿತು. ಬಾಗಿಲಿಗೆ ಓಡಿದಳು. ಜವಾನನ ಕೈ ಅವಳ ಎದೆಗೆ ಅಡ್ಡ ಇತ್ತು.

"ನಾ ಹೋಗಂಗಿಲ್ಲ."

ಯಾರು ಮಾತಾಡಿದರೆಂದು ಎಲ್ಲರೂ ನೋಡಿದರು. ಶಾಲುಬಾಯಿ. ಸ್ವರ ಒಡೆದಿತ್ತು. ಬಹಳ ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು.

"ಏನಮ್ಮಾ?" ಎಂದರು ಸಾಹೇಬರು.

"ಇವರ ಸಂಗಟ ನಾ ಹೋಗಂಗಿಲ್ರಿ."

"ಹೋಗದಿದ್ದರೆ ಜೈಲಿಗೆ ಕಳಿಸಬೇಕಾಗುತ್ತದೆ. ಗೊತ್ತೇನು?"

"ಜೈಲಿಗಿ ಕಳಸ್ರಿ."

"ಯಾಕೆ?"

ಅವಳು ಪಾಟೀಲನನ್ನು ನೋಡಿದಳು. ತಲೆ ತಗ್ಗಿಸಲಿಲ್ಲ. "ಅಂವಗೇ ಕೇಳ್ರಿ."

ಪಾಟೀಲ ನಕ್ಕ. ತಲೆ ಸರಿ ಇಲ್ರಿ ಸಾಹೇಬ್ರ, ಎಂದ. ಸಾಹೇಬರು ಗಡಿಯಾರ ನೋಡಿದರು. ಇನ್ನೂ ಬೇರೆ ಕೇಸುಗಳಿದ್ದವು. ಜೈಲಿಗೆ ಎಂದು ಬರೆದರು. ಅಂವಗೇ ಕೇಳ್ರಿ ಎಂಬ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಶಾಲುಬಾಯಿಯನ್ನು ಬೀದರಿನ ಜೈಲಿಗೆ ಒಯ್ದರು. ಕೌಸಲ್ಯಾಬಾಯಿಯೂ ಹೋದಳು. ಜೈಲಿನ ಬಾಗಿಲಲ್ಲಿ ಪಹರೆಯವನು ತಡೆದ.

"ನೀ ಅಕಿಗಿ ಏನಾಗಬೇಕು?"

"ಬಾಜು ಮನಿಯಾಕಿರಿ."

"ತಾಯಿ ಅಲ್ಲ? ಅತ್ತಿ ಅಲ್ಲ? ಹಂಗಂದ್ರ ಬಿಡಲಾಕ ಬರಂಗಿಲ್ಲ."

"ನನ್ನ ಬಿಡಬ್ಯಾಡ್ರಿ. ಅಕಿನ್ನ ಒಂಟಿ ಬಿಡಬ್ಯಾಡ್ರಿ. ಬಾಯಿಗಿ ಹಿಡದ್ರ ಉಣ್ತಾಳ. ಇಷ್ಟು ಒಳಗ ಹೇಳ್ರಿ."

ಅವನು ಹೇಳುತ್ತೇನೆ ಎಂದ. ಹೇಳಿದನೋ ಇಲ್ಲವೋ.

ಅವಳು ಗೋಡೆಯ ಹೊರಗೆ ಕೂತಳು. ಊರಿಗೆ ಹೋಗಲು ಮನಸ್ಸಿಲ್ಲ. ಇಲ್ಲಿ ಯಾರೂ ಗೊತ್ತಿಲ್ಲ. ಎದುರಿನ ಮರದ ಕೆಳಗೆ ಚಾಂದಬೀ ಎಂಬ ಮುದುಕಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದಳು. ಬಹಳ ಹೊತ್ತು ನೋಡಿ, ಒಂದು ಹಣ್ಣು ತಂದು ಕೊಟ್ಟಳು. ಕೌಸಲ್ಯಾಬಾಯಿ ಕೈ ಹಿಂದೆ ತೆಗೆದುಕೊಂಡಳು. "ನಾ ಮಹಾರಾಕಿ ಇದ್ದೇನ್ರಿ."

"ಇರು. ಹಸಿವಿ ಎಲ್ಲಾರಿಗಿ ಒಂದೇ ಇರ್ತದ. ಖಾ ಲೇ," ಎಂದಳು ಚಾಂದಬೀ.

ಹಣ್ಣು ತಿನ್ನುತ್ತ ಕೌಸಲ್ಯಾಬಾಯಿ ಎಲ್ಲ ಹೇಳಿದಳು. ಮನೆ ಬಿಟ್ಟ ಮೇಲೆ ಪೂರ್ತಿ ಕೇಳಿದವಳು ಅವಳೊಬ್ಬಳೇ. ಕೇಳಿ ಮುಗಿದ ಮೇಲೆ ಚಾಂದಬೀ ತನ್ನದನ್ನು ಹೇಳಿದಳು. ನಿಜಾಮನ ರಾಜ್ಯ ಬಿದ್ದ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ ಅವಳ ಗಂಡ ಹೋದ. ಇಬ್ಬರು ಗಂಡುಮಕ್ಕಳೂ ಹೋದರು. ಆಮೇಲೆ ಅವಳಿಗೆ ಬದುಕುವುದು ಬೇಡವಾಗಿತ್ತು. "ಕುಬರಾ ಅಂತ ಬಾಜುಕ ಇದ್ಲು. ಮಲಗೋವಾಗ ತನ್ನ ಸೆರಗಿಗಿ ನನ್ನ ಸೆರಗು ಗಂಟ ಹಾಕ್ತಿದ್ಲು. ದಿನಾ ಮುಂಜಾನಿ ಕೇಳ್ತಿದ್ಲು, ಇವತ್ತ ಸಾಯಬೇಕು ಅನಸ್ತದೇನು ಅಂತ. ನಾ ಹೌದಂತಿದ್ದೆ. ಆತು, ಇವತ್ತ ಬ್ಯಾಡ, ನಾಳಿ ನೋಡಮ್ಮು ಅಂತಿದ್ಲು."

"ಕೇಳಿದ್ರ ನೆನಪ ಮಾಡಿದಂಗ ಆಗಂಗಿಲ್ಲೇನ್ರಿ?"

"ಮರತಿದ್ರ ಅಲ್ಲ ಮಾ ನೆನಪ ಮಾಡೋದು? ಕೇಳದಿದ್ರ ಅದೇ ಒಳಗ ಕುಂತು ತಿಂತದ. ಕೇಳು."

ಕೇಳಲು ಶಾಲುಬಾಯಿ ಕೈಗೆ ಸಿಗುವ ಹಾಗಿರಲಿಲ್ಲ. ನಡುವೆ ಗೋಡೆ. ಕೌಸಲ್ಯಾಬಾಯಿ ಹಗಲು ಧಾನ್ಯದ ಪೇಟೆಯಲ್ಲಿ, ಗಂಜಿನಲ್ಲಿ, ಚೀಲ ಹೊತ್ತಳು. ಸಂಜೆ ಗೋಡೆಯ ಕೆಳಗೆ ನಿಂತು, "ಶಾಲೂ, ನಾ ಇಲ್ಲೇ ಇದ್ದೇನಿ," ಎಂದು ಕೂಗಿದಳು. ಒಳಗಿನಿಂದ ಉತ್ತರ ಬರಲಿಲ್ಲ. ಒಮ್ಮೆ ಬೇರೆ ಯಾವಳೋ ಕೈದಿ, "ಇದ್ದಾಳವ್ವಾ," ಎಂದು ಕೂಗಿದಳು. ಆ ಸಂಜೆ ಅವಳು ನೆಲದ ಮೇಲೆ ಕೂತು ಅತ್ತಳು.

ತಾರೀಖು ಬಂತು. ಕಾಗದ ಕನ್ನಡವಾಗಿರಲಿಲ್ಲ. ಮುಂದಕ್ಕೆ ಹಾಕಿದರು. ಮತ್ತೆ ಬಂತು. ಮತ್ತೆ ಹಾಕಿದರು. ಬೇಸಿಗೆ ಕಾಲಿಟ್ಟ ಮೇಲೆ ಕೇಸು ನಡೆಯಿತು. ಶಾಲುಬಾಯಿ ಹೌದು ಎಂದು ಒಪ್ಪಿಕೊಂಡಳು. ಇಷ್ಟು ದಿನ ಜೈಲಲ್ಲಿದ್ದದ್ದೇ ಶಿಕ್ಷೆ ಎಂದು ಬಿಟ್ಟರು. ಇನ್ನೊಮ್ಮೆ ಹೀಗೆ ಮಾಡಬಾರದು ಎಂದು ಸಾಹೇಬರು ಬುದ್ಧಿ ಹೇಳಿದರು.

ಅವಳು ಹೊರಗೆ ಬಂದಾಗ ಕೊರಳ ಎಲುಬು ಎದ್ದು ಕಾಣುತ್ತಿದ್ದವು. ಕೌಸಲ್ಯಾಬಾಯಿ ಅವಳನ್ನು ಚಾಂದಬೀಯ ಖೋಲಿಗೆ ಕರೆದುಕೊಂಡು ಹೋದಳು. ಚಾಂದಬೀ ರೊಟ್ಟಿ ತಟ್ಟಿ ಹಾಕಿದಳು. ಶಾಲುಬಾಯಿ ತಾನೇ ಮುರಿದು ತಿಂದಳು. ಅರ್ಧ ತಿಂದಳು.

ಮರುದಿನ ಕಾಶೀರಾಮ ಹುಡುಕಿಕೊಂಡು ಬಂದ. ಅವನ ಬಲಗೈ ಸೊಟ್ಟಗೆ ಕೂಡಿತ್ತು. ಮುಷ್ಟಿ ಮುಚ್ಚುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದ.

"ಆಯಿ, ನಮ್ಮ ಗುಡಿಸಲು ಕಿತ್ತಿ ಹಾಕ್ಯಾರ. ಮೀರಾಬಾಯಿ ಸತ್ತಳು. ಉಪ್ಪಿಲ್ಲ, ಕೆಲಸಿಲ್ಲ. ಕೇರಿ ಮಂದಿ ನನ್ನ ಮಾರಿಗಿ ಉಗುಳ್ತಾರ. ನೀ ಒಂದು ಸಲ ಬಂದು ಬಾವಿ ಸೇದಿದ್ರ ಎಲ್ಲಾ ಬಿಡ್ತೇನಿ ಅಂದಾನ ಪಾಟೀಲ. ಒಂದು ಸಲ. ಬಾ."

"ಈಕಿನ್ನ ಹ್ಯಾಂಗ ಬಿಟ್ಟು ಬರಲಿ ಕಾಶೀ?"

"ಅಕಿ ನಿನಗ ಏನಾಗಬೇಕು?" ಅವನ ಸ್ವರ ಏರಿತು. "ಅಕಿನ್ನ ಎತ್ತಿದ್ದಕ್ಕ ನನ್ನ ಕೈ ಹೋತು. ನಾನೂ ಯಾರೂ ಅಲ್ಲೇನು ನಿನಗ? ನನ್ನ ಹತ್ತಿರ ಯಾರು ಕೂಡಬೇಕು?"

ಮಗನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. "ಬರ್ತೇನಿ, ನಡಿ," ಎಂದಳು.

ಸ್ಟೇಷನ್ನಿಗೆ ಶಾಲುಬಾಯಿಯೂ ಬಂದಳು. ಗಾಡಿ ಬಂದು ನಿಂತಿತು. ಜನ ನುಗ್ಗಿದರು. ಕಾಶೀರಾಮ ಎಡಗೈಯಿಂದ ಸರಳು ಹಿಡಿದು ಹತ್ತಿ, ಒಳಗೆ ಜಾಗ ಹಿಡಿದ. ಕೌಸಲ್ಯಾಬಾಯಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಹಾಗೆಯೇ ತಿರುಗಿದಳು. ಚಾಂದಬೀ ಕೇಳು ಎಂದಿದ್ದ ಮಾತನ್ನು ಅವಳು ಶಾಲುಬಾಯಿಗೆ ಇನ್ನೂ ಕೇಳಿಯೇ ಇರಲಿಲ್ಲ.

"ಶಾಲೂ, ಖರೆ ಹೇಳು. ಇನ್ನೂ ಸಾಯಬೇಕು ಅನಸ್ತದೇನು?"

ಶಾಲುಬಾಯಿ ಅವಳನ್ನು ನೋಡಿದಳು. ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಯಾಕೆ ಮಾಡಿಕೊಂಡೆ ಎಂದು ಕೇಳಿದ್ದರು. ಇನ್ನೊಮ್ಮೆ ಮಾಡಬೇಡ ಎಂದಿದ್ದರು.

"ಅನಸ್ತದ ಮಾವಶಿ," ಎಂದಳು. "ನೀ ಹೋಗ್ತಿ ಅಂದಾಗಿಂದ ಭಾಳ ಅನಸ್ಲತ್ತದ."

ಸೀಟಿ ಆಯಿತು. ಕಿಟಕಿಯಲ್ಲಿ ಕಾಶೀರಾಮ ಕೂಗುತ್ತಿದ್ದ, "ಆಯಿ, ಹತ್ತು! ಗಾಡಿ ಬಿಡ್ತದ!" ಗಾಡಿ ಮೆಲ್ಲಗೆ ಜರುಗಿತು. ಕೌಸಲ್ಯಾಬಾಯಿ ಗಾಡಿಯ ಜೊತೆ ಕೆಲವು ಹೆಜ್ಜೆ ನಡೆದಳು. ಮಗನ ಸೊಟ್ಟ ಕೈ ಕಿಟಕಿಯಿಂದ ಹೊರಗೆ ಚಾಚಿತ್ತು. ಅವಳು ಆ ಕೈಯನ್ನು ಮುಟ್ಟಿದಳು. ಹಿಡಿದುಕೊಳ್ಳುವ ಶಕ್ತಿ ಆ ಬೆರಳುಗಳಲ್ಲಿ ಇರಲಿಲ್ಲ. ಜಾರಿಹೋಯಿತು.

ಅವನು ಕೈ ಒಳಗೆ ಎಳೆದುಕೊಂಡ. ಮುಖ ತಿರುಗಿಸಿದ.

ಗಾಡಿ ಹೋದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ಇಬ್ಬರೇ ಉಳಿದರು.

"ನೀ ಹೋಗಬೇಕಾಗಿತ್ತು ಮಾವಶಿ," ಎಂದಳು ಶಾಲುಬಾಯಿ.

"ಹೌದವ್ವಾ," ಎಂದಳು ಕೌಸಲ್ಯಾಬಾಯಿ. "ಹೋಗಬೇಕಾಗಿತ್ತು."